ಗುಡ್ಡೆಯ ಮೇಲಿನ ಆಫೀಸು

ನಮ್ಮ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಸುಳ್ಯ ತಾಲೂಕಿನ ಗುತ್ತಿಗಾರು ಕಡೆಯವರಿಗೆ ಇದೇನು ಹೊಸ ಸುದ್ದಿ ಅಲ್ಲ. 2021ರ ಜೂನ್‌ನಲ್ಲಿ, ಮಗಳ ಆನ್‌ಲೈನ್ ಕ್ಲಾಸ್ ಮುಗಿಯುವ ತನಕ ಅಪ್ಪ ಮಳೆಯಲ್ಲಿ ಕೊಡೆ ಹಿಡಿದು ನಿಂತ ಫೋಟೋ ಒಂದು ದೇಶವೆಲ್ಲ ಓಡಾಡಿತ್ತಲ್ಲ, ಅದು ನಮ್ಮ ಇದೇ ಭಾಗದ್ದು. ಮನೆಯಿಂದ ಒಂದೂವರೆ ಕಿಲೋಮೀಟರ್ ಮೇಲೆ ಹೋದರೆ ಗುಡ್ಡೆಯ ನೆತ್ತಿಯಲ್ಲಿ ಗೇರು ಮರಗಳ ನಡುವೆ ಒಂದು ಬೋಳು ಜಾಗ ಉಂಟು. ಅಲ್ಲಿ ಮೂರು ಕಡ್ಡಿ ಸಿಗ್ನಲ್ ಬರ್ತದೆ. ಕಳೆದ ಜೂನ್‌ನಿಂದ ಮೂರು ತಿಂಗಳು ಅದೇ ನನ್ನ ಆಫೀಸು. ಕುರ್ಚಿ, ಮೇಜು, ಫ್ಯಾನು ಎಲ್ಲ ಒಂದು ಹಳೆಯ ಈಕೋ ಗಾಡಿಯ ಒಳಗೆ.

ಗಾಡಿ ತಯಾರು ಮಾಡಿದ್ದು ಆಫೀಸಿಗೆ ಅಂತ ಅಲ್ಲ. ಸೆಕೆಂಡ್ ಹ್ಯಾಂಡ್ ಈಕೋ ತಗೊಂಡು, ಹಿಂದಿನ ಸೀಟು ಬಿಚ್ಚಿ, ಮಲಗುವ ಹಲಗೆ ಹಾಕಿ, ಮಾಡಿಗೆ ಸೋಲಾರ್ ಕೂರಿಸಿ ಗೆಳೆಯರ ಜೊತೆ ಸ್ಪಿತಿಗೆ ಹೋಗುವ ಪ್ಲಾನ್ ಇತ್ತು. ಜನವರಿಯಿಂದ ಮಾರ್ಚ್ ತನಕ ಸಿಕ್ಕಿದ ರಜೆಯಲ್ಲೆಲ್ಲ ಬೆಂಗಳೂರಿನಿಂದ ಪುತ್ತೂರಿಗೆ ಬಂದು ಕೆಲಸ ಮಾಡಿಸಿದೆ. ಜೂನ್ ಮೊದಲ ವಾರ ಅಮ್ಮ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಮನೆಯಲ್ಲಿ ಅವಳು ಒಬ್ಬಳೇ. ಮ್ಯಾನೇಜರ್ ಮೂರು ತಿಂಗಳು ಊರಿನಿಂದ ಕೆಲಸ ಮಾಡಲು ಒಪ್ಪಿದರು, ಆದರೆ ಒಂದು ಮಾತು ಸೇರಿಸಿದರು: ಒಂದು ರಿಲೀಸ್ ತಪ್ಪಿದರೂ ಮರುದಿನ ಬೆಂಗಳೂರಿನಲ್ಲಿ ಇರಬೇಕು. ಸ್ಪಿತಿ ಅಲ್ಲಿಗೇ ನಿಂತಿತು.

ಸೋಲಾರ್ ಕೆಲಸಕ್ಕೆ ಪುತ್ತೂರು ಒಳ್ಳೆಯ ಊರು. ಅಡಿಕೆ ತೋಟಕ್ಕೆ ಬೇಕಾದ ಪಂಪು, ಪೈಪು, ಕೇಬಲ್ಲು ಎಲ್ಲ ಪೇಟೆಯಲ್ಲೇ ಸಿಗ್ತದೆ, ಅದನ್ನು ರಿಪೇರಿ ಮಾಡುವವರೂ ಸಿಗ್ತಾರೆ. (ಕ್ಯಾಂಪ್ಕೋ ಚಾಕಲೇಟ್ ಕಾರ್ಖಾನೆ 1986ರಿಂದ ಇಲ್ಲೇ ಇರುವುದು. ಕೆಲಸ ಮಾಡಿಸುವಾಗ ತಿಂದ ಚಾಕಲೇಟಿನ ಲೆಕ್ಕ ಬೇಡ.) ನಾನು ಇಂಜಿನಿಯರ್ ಹೌದು, ಆದರೆ ಸಾಫ್ಟ್‌ವೇರು. ವಯರಿಂಗ್ ಕಲಿತದ್ದು ಅಮೆರಿಕದವರ ವಿಡಿಯೋ ನೋಡಿ. ಅವರು ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು ಅಂತ ಬ್ಯಾಟರಿಯ ಅಡಿಗೆ ಬಿಸಿ ಮಾಡುವ ಪ್ಯಾಡ್ ಹಾಕ್ತಾರೆ. ನಾನೂ ಅದರ ಬೆಲೆ ವಿಚಾರಿಸಿದ್ದೆ. ಗಾಡಿಗೆ ಕ್ಯಾರಿಯರ್ ಮಾಡಿಕೊಟ್ಟ ಅಣ್ಣ ಕೇಳಿ ನಕ್ಕರು. "ಮಾರಾಯ್ರೆ, ಪುತ್ತೂರಿನಲ್ಲಿ ಬ್ಯಾಟರಿಗೆ ಚಳಿ ಆಗುದಿಲ್ಲ, ಸೆಕೆ ಆಗ್ತದೆ."

ಅವರು ಹೇಳಿದ ಹಾಗೆ ಬ್ಯಾಟರಿ ಪೆಟ್ಟಿಗೆಗೆ ಗಾಳಿ ಆಡಲು ಎರಡು ಬದಿ ತೂತು ಬಿತ್ತು. ಪ್ಯಾನೆಲ್ ಮತ್ತು ಮಾಡಿನ ನಡುವೆಯೂ ನಾಲ್ಕು ಬೆರಳು ಜಾಗ ಬಿಟ್ಟೆವು. ಪ್ಯಾನೆಲ್ ಬಿಸಿಯಾದಷ್ಟೂ ಕಡಿಮೆ ಕರೆಂಟು ಕೊಡ್ತದೆ. 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೆ ಹೆಚ್ಚುಕಡಿಮೆ ಶೇಕಡಾ 0.4ರಷ್ಟು ನಷ್ಟ. ನಮ್ಮ ಏಪ್ರಿಲ್ ಬಿಸಿಲಿಗೆ ಅದು ಸಣ್ಣ ಲೆಕ್ಕ ಅಲ್ಲ.

ನನ್ನ ಗಾಡಿಯಲ್ಲಿ ಇರುವುದು ಇಷ್ಟು: 165 ವ್ಯಾಟ್‌ನ ಎರಡು ಪ್ಯಾನೆಲ್, ಒಂದು ಎಂಪಿಪಿಟಿ ಕಂಟ್ರೋಲರ್, 12.8 ವೋಲ್ಟ್ 100 ಆಂಪಿಯರ್ ಅವರ್‌ನ ಲಿಥಿಯಂ ಫಾಸ್ಫೇಟ್ ಬ್ಯಾಟರಿ. ಅಂದರೆ 1280 ವ್ಯಾಟ್ ಅವರ್ ಸಂಗ್ರಹ. ಲ್ಯಾಪ್‌ಟಾಪಿಗೆ 60 ವ್ಯಾಟ್‌ನಂತೆ ಎಂಟು ಗಂಟೆಗೆ 480. ಸಣ್ಣ ಫ್ಯಾನಿಗೆ 160. ರೂಟರು, ದೀಪಕ್ಕೆ 100. ದಿನಕ್ಕೆ 740. ತುಂಬಿದ ಬ್ಯಾಟರಿಯಲ್ಲಿ ಒಂದೂವರೆ ದಿನ ಆರಾಮ. ಇಂಡಕ್ಷನ್ ಒಲೆಯ ಆಸೆ ಬಿಟ್ಟುಬಿಡಿ, ಅದು ಮುಕ್ಕಾಲು ಗಂಟೆಯಲ್ಲಿ ಇಡೀ ಬ್ಯಾಟರಿ ಕುಡಿದು ಮುಗಿಸ್ತದೆ. ಫ್ರಿಜ್ ಕೂಡ ತಗೊಳ್ಳುವವನಿದ್ದೆ. "ಮನೆಯಲ್ಲಿ ಉಂಟಲ್ಲ, ಗಾಡಿಗೆ ಎಂತಕ್ಕೆ?" ಅಂತ ಅಮ್ಮ ಕೇಳಿದ್ದಕ್ಕೆ ಉತ್ತರ ಹೊಳೆಯಲಿಲ್ಲ.

ತಪ್ಪು ಎರಡು ಮಾಡಿದೆ. ಮೊದಲನೆಯದು, ಇನ್ವರ್ಟರಿಗೆ ಸಪೂರ ವಯರು ಹಾಕಿದ್ದು. ಮನೆಯ 230 ವೋಲ್ಟ್‌ನಲ್ಲಿ 1000 ವ್ಯಾಟ್ ಎಂದರೆ ನಾಲ್ಕೂವರೆ ಆಂಪಿಯರಿಗಿಂತಲೂ ಕಡಿಮೆ. ಅದೇ 1000 ವ್ಯಾಟ್ 12 ವೋಲ್ಟ್‌ನಲ್ಲಿ 80 ಆಂಪಿಯರ್ ದಾಟ್ತದೆ. ಕೆಟಲ್ ಇಟ್ಟು ಎರಡು ನಿಮಿಷಕ್ಕೆ ರಬ್ಬರ್ ಸುಟ್ಟ ವಾಸನೆ. ಅದೇ ಹಲಗೆಯ ಮೇಲೆ ರಾತ್ರಿ ನಾನು ಮಲಗುವವನಿದ್ದೆ. ಈಗ ಹೆಬ್ಬೆರಳು ಗಾತ್ರದ ಕೇಬಲ್ ಉಂಟು, ಬ್ಯಾಟರಿಯ ಪ್ಲಸ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ ಫ್ಯೂಸ್ ಉಂಟು. ನೀವು ಮಾಡಿಸುವುದಾದರೆ ಇದೊಂದರಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಇನ್ನೊಂದು, ಗಾಡಿಯ ಮೂಲ ರಚನೆ ಬದಲಿಸುವ ಮುಂಚೆ ಆರ್‌ಟಿಒ ಅನುಮತಿ ಬೇಕು, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದನ್ನೇ ಹೇಳುವುದು. ಹೊಸ ಹಲಗೆ ಹಾಕುವ ಮೊದಲು ಅಲ್ಲಿ ವಿಚಾರಿಸಿ.

ಎರಡನೆಯ ತಪ್ಪು ಅರ್ಥವಾದದ್ದು ಊರಿಗೆ ಬಂದ ಮೇಲೆ. ಪ್ಯಾನೆಲ್‌ಗಳನ್ನು ಸೀರೀಸ್‌ನಲ್ಲಿ ಜೋಡಿಸಿದ್ದೆ. ಬಯಲಿನಲ್ಲಿ ಅದು ಸರಿ. ಆದರೆ ನಮ್ಮಲ್ಲಿ ಬಯಲು ಎಲ್ಲಿದೆ? ಮನೆಯ ಸುತ್ತ ಅಡಿಕೆ, ಅದರ ನಡುವೆ ತೆಂಗು, ಅದರಾಚೆ ಕಾಡು. ಒಂದು ಸೋಗೆಯ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ದರೆ ಸಾಕು, ಎರಡರ ಕರೆಂಟೂ ಕುಸಿಯುತ್ತಿತ್ತು. ಪ್ಯಾರಲಲ್ ಮಾಡಿದೆ. ಈಗ ನೆರಳಿಗೆ ಸಿಕ್ಕಿದ ಪ್ಯಾನೆಲ್ ಮಾತ್ರ ಮಂಕಾಗ್ತದೆ, ಇನ್ನೊಂದು ತನ್ನ ಪಾಡಿಗೆ ದುಡಿಯುತ್ತದೆ. ಮೊದಲ ದಿನ ನೆರಳಿಲ್ಲದ ಜಾಗ ಅಂತ ತೆಂಗಿನ ಬುಡದ ಪಕ್ಕ ನಿಲ್ಲಿಸಿದ್ದೆ. ಕೈಗೆ ಪ್ಲಾಸ್ಟರ್ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದ ಅಮ್ಮ ಅಲ್ಲಿಂದಲೇ ಬೊಬ್ಬೆ ಹಾಕಿದಳು. "ಕಾಯಿ ಬಿದ್ದರೆ ನಿನ್ನ ಗಾಜು ಪುಡಿ! ಅಂಗಳದ ಮೂಡು ಮೂಲೆಗೆ ಇಡು, ಅಲ್ಲಿ ಎಂಟು ಗಂಟೆಗೆ ಬಿಸಿಲು ಬಂದರೆ ನಾಲ್ಕರ ತನಕ ಹೋಗುದಿಲ್ಲ." ಅವಳಿಗೆ ಗೊತ್ತಿರದೆ ಏನು? ಅಡಿಕೆ ಒಣಗಲು ನಲವತ್ತು ದಿನ ಬಿಸಿಲು ಬೇಕು. ಯಾವ ತಿಂಗಳು ಯಾವ ಮರದ ನೆರಳು ಎಲ್ಲಿ ಬೀಳ್ತದೆ ಅಂತ ಮೂವತ್ತು ವರ್ಷ ನೋಡಿದವಳು. ನಾನು ಅದಕ್ಕೆ ಒಂದು ಆ್ಯಪ್ ಹಾಕಿಕೊಂಡಿದ್ದೆ.

ಆದರೆ ಬಿಸಿಲೇ ಇಲ್ಲದಿದ್ದರೆ? ಫೆಬ್ರವರಿಯಲ್ಲಿ ದಿನಕ್ಕೆ 1200 ವ್ಯಾಟ್ ಅವರ್ ಕೊಟ್ಟ ಅದೇ ಪ್ಯಾನೆಲ್‌ಗಳು ಜುಲೈಯ ಜಡಿಮಳೆಯಲ್ಲಿ ಕೊಟ್ಟದ್ದು 200, ಕೆಲವು ದಿನ ಅದೂ ಇಲ್ಲ. ಮೀಟರಿನಲ್ಲಿ 15 ವ್ಯಾಟ್ ನೋಡುತ್ತಾ ಕೂತಿರುತ್ತಿದ್ದೆ. ಕೊರತೆಯನ್ನು ರಾತ್ರಿ ಮನೆಯ ಕರೆಂಟಿನಿಂದ ತುಂಬಿಸಿಕೊಳ್ಳುವುದು ಅಭ್ಯಾಸವಾಯಿತು. ಒಂದು ಗುರುವಾರ ಗಾಳಿಗೆ ಮರ ಬಿದ್ದು ಕಂಬ ಮುರಿಯಿತು. ಮನೆಯ ಇನ್ವರ್ಟರು ಶುಕ್ರವಾರ ರಾತ್ರಿ ಸತ್ತಿತು. ಭಾನುವಾರ ಗಾಡಿಯ ಬ್ಯಾಟರಿ ಶೇಕಡಾ 11. ಸೋಮವಾರ ಬೆಳಿಗ್ಗೆ ರಿಲೀಸ್. ಇಂಜಿನ್ ಓಡುವಾಗ ಚಾರ್ಜ್ ಆಗಲು 20 ಆಂಪಿಯರಿನ ಒಂದು ಸಾಧನ ಹಾಕಿಸಿದ್ದೆ, ಅದರಿಂದ ಗಂಟೆಗೆ 260 ವ್ಯಾಟ್ ಅವರ್ ಸಿಗ್ತದೆ. ಹಾಗಂತ ಕರೆಂಟಿಗೋಸ್ಕರ ಎಷ್ಟು ಹೊತ್ತು ಗಾಡಿ ಓಡಿಸುವುದು?

ಆಗ ಗುಡ್ಡೆಯ ಮೇಲೆ ಮಾವನ ಫೋನ್ ಬಂತು. ಅಮ್ಮನ ಅಣ್ಣ, ಕಡಬ ತಾಲೂಕಿನ ಕಾಡಂಚಿನಲ್ಲಿ ಮನೆ. "ಅಮ್ಮನನ್ನು ಕರ್ಕೊಂಡು ಬಾ. ನಮ್ಮಲ್ಲಿ ಮಳೆಗಾಲ ಕರೆಂಟು ಹೋಗುದಿಲ್ಲ."

ಸುಬ್ರಹ್ಮಣ್ಯದ ದಾರಿಯಾಗಿ ಹೋದೆವು. ಕುಮಾರಧಾರೆ ಕೆಂಪಾಗಿ, ಸ್ನಾನಘಟ್ಟದ ಮೆಟ್ಟಿಲು ಕಾಣದಷ್ಟು ತುಂಬಿ ಹರಿಯುತ್ತಿತ್ತು. ಮೊದಲಾದರೆ ಇಂಥ ಮಳೆಗೆ ಕಡಬದ ಹೊಸ್ಮಠದಲ್ಲಿ ಸೇತುವೆಯೇ ಮುಳುಗಿ ಉಪ್ಪಿನಂಗಡಿ ರಸ್ತೆ ಬಂದ್ ಆಗುತ್ತಿತ್ತು, ಈಗ ಎತ್ತರದ ಹೊಸ ಸೇತುವೆ ಉಂಟು. ಮಾವನ ಮನೆ ಮುಟ್ಟುವಾಗ ಸಂಜೆ ಏಳು. ಇಡೀ ದಾರಿ ಕತ್ತಲೆ, ಅವರ ಮನೆಯಲ್ಲಿ ಮಾತ್ರ ಜಗಲಿ, ಹಟ್ಟಿ, ಬಚ್ಚಲು ಎಲ್ಲ ಕಡೆ ದೀಪ.

ಗುಟ್ಟು ಮನೆಯ ಹಿಂದಿನ ತೋಡಿನಲ್ಲಿ. ಮೇಲಿನಿಂದ ಪೈಪಿನಲ್ಲಿ ನೀರು ಇಳಿಸಿ, ಕೆಳಗೆ ಬಟ್ಟಲು ಬಟ್ಟಲಾಗಿರುವ ಒಂದು ಚಕ್ರಕ್ಕೆ ಹೊಡೆಸಿ, ಅದರಿಂದ ಜನರೇಟರ್ ತಿರುಗಿಸುವುದು. 40 ಮೀಟರ್ ಇಳಿಜಾರು, ಸೆಕೆಂಡಿಗೆ ಐದು ಲೀಟರ್ ನೀರು. ಲೆಕ್ಕ ಹಾಕಿದರೆ ಸುಮಾರು 2000 ವ್ಯಾಟ್ ಶಕ್ತಿ, ಅರ್ಧ ಪೋಲಾದರೂ 1000 ವ್ಯಾಟ್. ಹಗಲೂ ರಾತ್ರಿ. ಅದಕ್ಕೂ ಮುಂಚೆ ಮಾವನಲ್ಲಿ ನಾಲ್ಕು ಸೋಲಾರ್ ದೀಪ ಇತ್ತಂತೆ. ಹರೀಶ್ ಹಂದೆಯವರ ಸೆಲ್ಕೋ 1995ರಲ್ಲಿ ಶುರುವಾಗಿ, ಹಳ್ಳಿಮನೆಗಳ ಸೋಲಾರ್ ದೀಪಕ್ಕಾಗಿ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು ಅನ್ನುವುದನ್ನೆಲ್ಲ ನಾನು ಮಾವನಿಗೆ ಹೇಳಲು ಹೊರಟೆ. "ದೀಪ ಒಳ್ಳೇದೇ. ಆದರೆ ಆಟಿ ತಿಂಗಳಲ್ಲಿ ಎಂಟು ಗಂಟೆಗೆ ಮಂಕು. ಬಿಸಿಲು ಇಲ್ಲದಾಗ ನೀರು ಉಂಟಲ್ಲ ಅಂತ ಇದನ್ನು ಹಾಕಿದೆ" ಅಂದರು.

ನನಗೆ ಸಂಕೋಚ. ರಾತ್ರಿಯಿಡೀ ಚಾರ್ಜಿಗೆ ಹಾಕಿದರೆ ಅವರ ದೀಪಕ್ಕೆ ಕಮ್ಮಿ ಆಗ್ತದಾ? ಮಾವ ಬಚ್ಚಲಿಗೆ ಕರೆದುಕೊಂಡು ಹೋಗಿ ತೋರಿಸಿದರು. ಈ ಚಕ್ರಕ್ಕೆ ಯಾವಾಗಲೂ ಒಂದೇ ಹೊರೆ ಬೇಕು, ಇಲ್ಲದಿದ್ದರೆ ವೇಗ ಮಿತಿಮೀರ್ತದೆ. ಆದ್ದರಿಂದ ಮನೆಯವರು ಬಳಸದೆ ಉಳಿದ ಕರೆಂಟನ್ನು ಒಂದು ಕಂಟ್ರೋಲರ್ ತಾನಾಗಿ ನೀರಿನ ಹೀಟರಿಗೆ ತಳ್ಳುತ್ತದೆ. ನಾನು ತೆಗೆದುಕೊಂಡದ್ದು ಆ ಉಳಿಕೆಯಲ್ಲಿ 300 ವ್ಯಾಟ್. ನಾಲ್ಕೈದು ಗಂಟೆಯಲ್ಲಿ ಬ್ಯಾಟರಿ ತುಂಬಿತು. ಬೆಳಿಗ್ಗೆ ಅತ್ತೆ ಮಾತ್ರ "ಇವತ್ತು ಸ್ನಾನದ ನೀರು ಯಾಕೋ ಉಗುರು ಬೆಚ್ಚಗೆ" ಅಂದರು. ನಾನು ಮಾತಾಡದೆ ಗಾಡಿ ತಗೊಂಡು, ಒಂದು ಕಿಲೋಮೀಟರ್ ಆಚೆ ಸಿಗ್ನಲ್ ಬರುವ ತಿರುವಿನಲ್ಲಿ ನಿಲ್ಲಿಸಿದೆ. ಹನ್ನೊಂದೂಕಾಲಿಗೆ ರಿಲೀಸ್ ಆಯಿತು. ಮಳೆಯ ಸದ್ದಿಗೆ ಮೈಕ್ ಆಫ್ ಇಟ್ಟಿದ್ದೆ, ಹಾಗಾಗಿ ನಾನು ಕಿರುಚಿದ್ದು ಯಾರಿಗೂ ಕೇಳಿಸಲಿಲ್ಲ.

ಅಮ್ಮನ ಕೈ ಸರಿಯಾಯಿತು. ಸೆಪ್ಟೆಂಬರಿನಲ್ಲಿ ಬೆಂಗಳೂರಿಗೆ ವಾಪಸಾದೆ, ಈಗ ತಿಂಗಳಿಗೆ ಒಂದು ವಾರ ಊರಿನಿಂದ ಕೆಲಸ. ಫೆಬ್ರವರಿಯಲ್ಲಿ ಮಾವ ಫೋನ್ ಮಾಡಿದ್ದರು. ತೋಡು ಬತ್ತಿದೆ, ಚಕ್ರ ನಿಂತಿದೆ, ಲೈನಿನ ಕರೆಂಟು ಎರಡು ದಿನದಿಂದ ಇಲ್ಲ, ನಿನ್ನ ಗಾಡಿ ಯಾವಾಗ ಬರ್ತದೆ ಅಂತ. ಹೋಗಿ ಎರಡು ರಾತ್ರಿ ಅವರ ಫ್ಯಾನು, ದೀಪ, ಟಿವಿ ಓಡಿಸಿ ಬಂದೆ.

ಮನೆಗೆ ಬಂದು ಅಂಗಳದ ಮೂಡು ಮೂಲೆಯಲ್ಲಿ ಗಾಡಿ ನಿಲ್ಲಿಸಿದರೆ ಅಮ್ಮ ಗೋಣಿಚೀಲ ಎಳೆದುಕೊಂಡು ಬಂದಳು. "ಅಲ್ಲಿಂದ ತೆಗಿ ಮಾರಾಯ, ಅಡಿಕೆ ಹರಡಬೇಕು."