ಹೇರಳೆಯ ರಸವೂ ಹಾಲಿನ ಕೆನೆಯೂ

ಇಟಲಿ ದೇಶದ ನಿಂಬೆ ಪಾಸ್ತಾವನ್ನು ಯಲಹಂಕ ಉಪನಗರದ ಅಡುಗೆಮನೆಯಲ್ಲಿ ಸಿದ್ಧಪಡಿಸುವಾಗ, ವಿದೇಶದ ಹಣ್ಣಿಗಾಗಿ ಹಂಬಲಿಸದೆ, ನಮ್ಮ ಹಿರಿಯರು ಚಿತ್ರಾನ್ನಕ್ಕೂ ಉಪ್ಪಿನಕಾಯಿಗೂ ಪ್ರೀತಿಯಿಂದ ಬಳಸುತ್ತ ಬಂದಿರುವ ಹೇರಳೆಕಾಯಿಯನ್ನೇ ಆರಿಸಿಕೊಳ್ಳುವುದು ಸರ್ವಥಾ ಉಚಿತವೆಂದು ನನ್ನ ಅಭಿಪ್ರಾಯ. ಅದರ ದಪ್ಪ ಸಿಪ್ಪೆಯ ಹಸುರು ಮೇಲ್ಪದರವನ್ನಷ್ಟೇ, ಕಹಿಯಾದ ಬಿಳಿಯ ಭಾಗ ಸೋಕದಂತೆ, ಹಗುರವಾಗಿ ತುರಿದೊಡನೆ ಹೊಮ್ಮುವ ಸೌರಭವು ಬೆರಳ ತುದಿಗಳಲ್ಲಿ ಸಂಜೆಯವರೆಗೂ ನಿಲ್ಲುತ್ತದೆ.

ಕೆನೆಯ ವಿಷಯದಲ್ಲಿ ಮಾತ್ರ ವಿಶೇಷ ಜಾಗರೂಕತೆ ಅವಶ್ಯ. ಕರ್ನಾಟಕ ಹಾಲು ಮಹಾಮಂಡಳದ ಮದರ್ ಡೇರಿ ಯಲಹಂಕದಲ್ಲಿಯೇ ಇರುವಾಗ ಕೆನೆಗೇನೋ ಬರವಿಲ್ಲ; ಆದರೆ ಹಾಲಿನ ಕೇಸೀನಿಗೆ ಆಮ್ಲವೂ ಉಷ್ಣವೂ ಏಕಕಾಲದಲ್ಲಿ ತಾಗಿದರೆ ಅದು ಗರಣೆಗಟ್ಟಿ ಒಡೆಯುವುದರಿಂದ, 200 ಗ್ರಾಂ ಪಾಸ್ತಾಕ್ಕೆ 100 ಮಿಲಿಲೀಟರಿನಷ್ಟು ಕೆನೆಯನ್ನು ಬೆಣ್ಣೆ, ತುರಿದ ಸಿಪ್ಪೆಗಳೊಡನೆ ಮಂದಾಗ್ನಿಯಲ್ಲಿ ಬೆಚ್ಚಗೆ ಮಾಡಿ, ಪಾಸ್ತಾ ಬೆಂದ ನೀರನ್ನು ಒಂದು ಸೌಟು ಬೆರೆಸಿ, ಬೆಂದ ಪಾಸ್ತಾವನ್ನೂ ಅದರೊಳಗೆ ಹಾಕಿ, ಒಲೆಯಿಂದ ಇಳಿಸಿದ ಮೇಲೆಯೇ ರಸವನ್ನು ಹನಿಹನಿಯಾಗಿ ಹಿಂಡತಕ್ಕದ್ದು. ಆ ನೀರಿನಲ್ಲಿ ಬಿಟ್ಟುಕೊಂಡಿರುವ ಪಿಷ್ಟವು ಕೊಬ್ಬನ್ನೂ ನೀರನ್ನೂ ಒಂದುಗೂಡಿಸಿ, ಪ್ರತಿಯೊಂದು ಎಳೆಗೂ ಕೆನೆ ನುಣುಪಾಗಿ ಹತ್ತಿಕೊಳ್ಳುವಂತೆ ಮಾಡುತ್ತದೆ.

ಮೇಲೆ ಒಂದಿಷ್ಟು ಕಾಳುಮೆಣಸಿನ ತರಿ ಸಾಕು, ಮತ್ತೇನೂ ಬೇಡ. ಊಟದ ಜೊತೆಗೆ ತುಸುವೇ, ಬಿಸಿಯಾಗಿರುವಾಗಲೇ ಬಡಿಸಬೇಕು. ತಣಿದರೆ ಕೆನೆ ಮುದ್ದೆಗಟ್ಟಿಬಿಡುತ್ತದೆ.