ರಕ್ತದಲ್ಲಿ ಕಾಣದ ವಿಟಮಿನ್

8 ಜನವರಿ 2024, ಸೋಮವಾರ. ತುಮಕೂರು

ಏಳು ಗಂಟೆಗೇ ಲ್ಯಾಬಿನ ಮುಂದೆ ಖಾಲಿ ಹೊಟ್ಟೆಯವರ ಸಾಲು. ಹೆಚ್ಚಿನವರು ನನ್ನ ವಯಸ್ಸಿನ ಆಸುಪಾಸಿನ ಹೆಂಗಸರು. ಮುಟ್ಟು ಏರುಪೇರಾಗಿದೆ ಇಲ್ಲವೇ ನಿಂತಿದೆ, ಹೊಟ್ಟೆ ಸೊಂಟ ದಪ್ಪಗಾಗಿದೆ, ಮಂಡಿನೋವು, ಎದ್ದಾಗಿನಿಂದ ಸುಸ್ತು. ಚೀಟಿಯಲ್ಲಿ ಶುಗರ್, ಥೈರಾಯ್ಡ್, ವಿಟಮಿನ್ ಡಿ, ಬಿ12.

ಹೂವಿನ ಅಂಗಡಿಯವರು ತೋಳು ಚಾಚಿ, "ಬೇಜಾರು ಮಾಡ್ಕೋಬೇಡಿ ಮೇಡಂ, ನಂಗೆ ನರ ಸಿಗಲ್ಲ" ಅಂದರು. ರಬ್ಬರ್ ಪಟ್ಟಿ ಬಿಗಿದು, ಮೊಣಕೈ ಮಡಿಕೆಯಲ್ಲಿ ಬೆರಳ ತುದಿ ಒತ್ತಿ ಒತ್ತಿ ನೋಡಿದೆ. ಕಣ್ಣಿಗೆ ಕಾಣದ ನರ ಬೆರಳಿಗೆ ಪುಟಿಯುತ್ತದೆ. ಒಂದೇ ಚುಚ್ಚಿಗೆ ಹಳದಿ ಮುಚ್ಚಳದ ಟ್ಯೂಬು ತುಂಬಿತು. ದಪ್ಪಗಿರುವುದಕ್ಕೆ ಹೆಂಗಸರು ಲ್ಯಾಬಿನಲ್ಲೂ ಕ್ಷಮೆ ಕೇಳುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಸಂಜೆ ರಿಪೋರ್ಟು: ಡಿ 11 ನ್ಯಾನೋಗ್ರಾಂ. 20ಕ್ಕಿಂತ ಕೆಳಗಿದ್ದರೆ ಕೊರತೆ. "ಇದು ಸರಿಹೋದ್ರೆ ತೂಕ ಇಳಿಯುತ್ತಂತಲ್ಲ ಮೇಡಂ? ನಮ್ಮ ನಾದಿನಿ ಹೇಳಿದ್ಲು." ಡಾಕ್ಟರನ್ನು ಕೇಳಿ ಅಂದೆ. ಕೇಳಲು ಅವರಿಗೆ ಅಲ್ಲಿ ಎರಡು ನಿಮಿಷವೂ ಸಿಗುವುದಿಲ್ಲ.

10 ಜನವರಿ, ಬುಧವಾರ

ಆ ಪ್ರಶ್ನೆ ತಲೆಯಲ್ಲೇ ಇತ್ತು. ರಾತ್ರಿ ಊಟವಾದ ಮೇಲೆ ಓದಲು ಕೂತೆ.

ಡಿ ಕೊಬ್ಬಿನಲ್ಲಿ ಕರಗುವ ವಿಟಮಿನ್. ಮೈಯಲ್ಲಿ ಕೊಬ್ಬು ಹೆಚ್ಚಿದಷ್ಟೂ ಅಲ್ಲೆಲ್ಲ ಹಂಚಿಹೋಗುತ್ತದೆ. ರಕ್ತದಲ್ಲಿ ಉಳಿಯುವುದು ಕಮ್ಮಿ. ನಾಲ್ವರ ಸಾರಿಗೆ ಹಾಕುವ ಉಪ್ಪನ್ನೇ ಎಂಟು ಜನರ ಸಾರಿಗೆ ಹಾಕಿದ ಹಾಗೆ. ಬಾಸ್ಟನ್ನಿನ ಮೈಕೆಲ್ ಹೋಲಿಕ್ ಅವರ ತಂಡ 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸ್ಥೂಲಕಾಯದವರಿಗೂ ಉಳಿದವರಿಗೂ ಒಂದೇ ಅಳತೆಯ ಅತಿನೇರಳೆ ಕಿರಣ ಕೊಟ್ಟಿದ್ದರು. 24 ಗಂಟೆ ಕಳೆದು ನೋಡಿದರೆ ಸ್ಥೂಲಕಾಯದವರ ರಕ್ತದಲ್ಲಿ ಡಿ3 ಏರಿದ್ದು ಶೇ 57ರಷ್ಟು ಕಡಿಮೆ. ಅವರ ಚರ್ಮಕ್ಕೆ ಡಿ ತಯಾರಿಸುವ ಶಕ್ತಿ ಇತ್ತು, ತಯಾರಾದದ್ದು ರಕ್ತಕ್ಕೆ ಸರಿಯಾಗಿ ಬರುತ್ತಿರಲಿಲ್ಲ.

ಯಾವುದು ಕಾರಣ, ಯಾವುದು ಪರಿಣಾಮ? 2013ರಲ್ಲಿ ಸುಮಾರು 42,000 ಜನರ ವಂಶವಾಹಿಗಳನ್ನು ಪರಿಶೀಲಿಸಿದ ಅಧ್ಯಯನ ಇದನ್ನೇ ಹುಡುಕಿತ್ತು. ತೂಕ ಹೆಚ್ಚಿಸುವ ವಂಶವಾಹಿಗಳಿದ್ದವರಲ್ಲಿ ಡಿ ಕಡಿಮೆ. ಡಿ ಕಡಿಮೆ ಮಾಡುವ ವಂಶವಾಹಿಗಳಿದ್ದವರಲ್ಲಿ ತೂಕ ಹೆಚ್ಚಿರಲಿಲ್ಲ. ಅಂದರೆ ದಪ್ಪಗಾಗುವುದರಿಂದ ಡಿ ಇಳಿಯುತ್ತದೆ. ಡಿ ನುಂಗಿದ ಮಾತ್ರಕ್ಕೆ ಮೈ ಕರಗುವುದಿಲ್ಲ. ಹಾಗಂತ ಬಿಟ್ಟುಬಿಡುವಂತಿಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಮೂಳೆ ಸವೆಯುವ ಹೊತ್ತಿದು. ರಾಗಿಯಲ್ಲಿ ನೂರು ಗ್ರಾಮಿಗೆ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ನಮ್ಮ ಸೀಮೆಯವರು ದಿನಾ ಮುದ್ದೆ ಉಣ್ಣುತ್ತೇವೆ. ಆದರೆ ಡಿ ಇಲ್ಲದೆ ಕರುಳು ಆ ಕ್ಯಾಲ್ಸಿಯಮ್ಮನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ.

12 ಜನವರಿ, ಶುಕ್ರವಾರ

ಇವತ್ತು ನಿಜಕ್ಕೂ ಭಯವಾಯಿತು. ಒಬ್ಬರು ಅರುವತ್ತು ಸಾವಿರ ಯೂನಿಟ್ಟಿನ ಡಿ ಸ್ಯಾಶೆಯನ್ನು ದಿನಾ ಹಾಲಿಗೆ ಹಾಕಿ ಕುಡಿಯುತ್ತಿದ್ದರು. ಸಾಮಾನ್ಯವಾಗಿ ಅದು ವಾರಕ್ಕೊಂದು, ಎಂಟು ವಾರ. "ಬೇಗ ಸಣ್ಣ ಆಗ್ಲಿ ಅಂತ" ಅಂದರು. ನಾಲ್ಕು ದಿನದಿಂದ ವಾಂತಿ, ತೀರದ ಬಾಯಾರಿಕೆ, ಮಲಬದ್ಧತೆ. ಡಿ ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ, ಕಿಡ್ನಿಗೇ ಪೆಟ್ಟು. ಸ್ಯಾಶೆ ನಿಲ್ಲಿಸಿ ಅಂದು, ಆಟೋ ಕರೆಸಿ ನೇರ ಡಾಕ್ಟರ ಹತ್ತಿರ ಕಳಿಸಿದೆ.

ಬಿ12ರ ಕಥೆ ಬೇರೆ. ಅದು ಸೊಪ್ಪು, ತರಕಾರಿ, ಕಾಳಿನಲ್ಲಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿದೆ. ಶುಗರಿಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲೂ ಇಳಿಯುತ್ತದೆ. ಆ ಕೊರತೆಯಿಂದ ಪಾದ ಜೋಮು ಹಿಡಿಯುವುದನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಿರುವವರು ಎಷ್ಟೋ ಜನ.

15 ಜನವರಿ, ಸೋಮವಾರ. ಸಂಕ್ರಾಂತಿ

ಎಳ್ಳುಬೆಲ್ಲ ಕೊಡಲು ಬಂದ ಪಕ್ಕದ ಮನೆ ಅಕ್ಕನಿಗೆ ಡಿ ಕಮ್ಮಿ ಅಂತ ಡಾಕ್ಟರ್ ಹೇಳಿದ್ದಾರೆ. "ನಾನು ದಿನಾ ಬೆಳಿಗ್ಗೆ ಕಿಟಕಿ ಹತ್ರ ಬಿಸಿಲಲ್ಲೇ ಕೂತ್ಕೋತೀನಲ್ಲ?" ಅಂದರು. ಗಾಜು ಮುಚ್ಚಿದ್ದರೆ ಡಿ ತಯಾರಿಸುವ ಕಿರಣ ಒಳಗೆ ಬರುವುದಿಲ್ಲಕ್ಕ ಅಂದೆ. ನಮ್ಮ ನೆರಳು ನಮಗಿಂತ ಗಿಡ್ಡವಾಗುವ ಹೊತ್ತಿನ ಬಿಸಿಲು ಬೇಕು, ಅದೂ ತೋಳು ಕಾಲಿಗೆ ನೇರ ಬೀಳಬೇಕು. ಆ ಹೊತ್ತಿಗೆ ಹೆಂಗಸರೆಲ್ಲ ಒಲೆ ಮುಂದೆ ಇಲ್ಲವೇ ಆಫೀಸಿನೊಳಗೆ. ಕಪ್ಪು ಮೈಬಣ್ಣಕ್ಕೆ ಇನ್ನೂ ಹೆಚ್ಚು ಹೊತ್ತು ಬೇಕು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ತೂಕ ಹೆಚ್ಚು. ಇವರಿಗೆಲ್ಲ "ಕಮ್ಮಿ ತಿನ್ನಿ" ಅನ್ನುವ ಒಂದೇ ಮಾತು ಅನ್ಯಾಯ. ಹೊಟ್ಟೆ ತುಂಬ ಅನ್ನ ಉಂಡ ಮೈಯಲ್ಲೂ ಡಿ, ಬಿ12, ಕಬ್ಬಿಣದ ಕೊರತೆ ಇರಬಹುದು. ಊಟ ಕಡಿಮೆ ಮಾಡಿದರೆ ಆ ಕೊರತೆ ಮತ್ತಷ್ಟು ಹೆಚ್ಚಬಹುದು. ಸ್ಥೂಲಕಾಯದವರಿಗೆ ಡಿ ಡೋಸು ಎರಡು ಮೂರು ಪಟ್ಟು ಬೇಕಾಗಬಹುದು, ಆದರೆ ಎಷ್ಟೆಂದು ತೀರ್ಮಾನಿಸಬೇಕಾದವರು ವೈದ್ಯರು. ನಾದಿನಿಯೂ ಅಲ್ಲ, ಮೆಡಿಕಲ್ ಸ್ಟೋರಿನವರೂ ಅಲ್ಲ.

ನಮ್ಮೂರಿನ ವೈದ್ಯರಲ್ಲಿ ನನ್ನದೊಂದು ಕೋರಿಕೆ. ಸ್ಯಾಶೆ ಬರೆದಾಗ ಚೀಟಿಯ ಮೇಲೆ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆದುಕೊಡಿ: ವಾರಕ್ಕೆ ಒಂದೇ. ತೂಕ ಇಳಿಸಲು ಅಲ್ಲ, ಮೂಳೆಗೆ.