ಉಳಿಯೇ ಅಳತೆ

ಕೈಯಲ್ಲಿ ಮಾರ್ಟೀಸ್ (ಮರದ ಕೀಲಿನ ನಾಲಗೆ ಕೂರುವ ಚೌಕ ತೂತು) ಹೊಡೆಯುವುದನ್ನು ಕಲಿಸುವವರಲ್ಲಿ ಅನೇಕರು ಈಗ ಮೊದಲು ಎತ್ತಿಕೊಳ್ಳುವುದು ಉಳಿಯನ್ನಲ್ಲ, ಡ್ರಿಲ್ಲನ್ನು. ಎರಡು ಗೆರೆಗಳ ನಡುವೆ ಸಾಲಾಗಿ ನಾಲ್ಕೈದು ಗುಂಡು ತೂತು ಕೊರೆದು, ನಡುವೆ ಉಳಿದ ಮರವನ್ನು ತೆಳ್ಳನೆಯ ಉಳಿಯಿಂದ ಸವರಿ ಸವರಿ ಚೌಕ ಮಾಡುತ್ತಾರೆ. ಇದೇ ಸುಲಭದ ದಾರಿ ಎನ್ನುತ್ತಾರೆ, ಹೊಸಬರು ನಂಬುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಹಳೆಯದೆಲ್ಲ ಒಳ್ಳೆಯದೆಂದಾಗಲಿ, ವಿದ್ಯುತ್ತಿನ ಸಲಕರಣೆ ಮುಟ್ಟಬಾರದೆಂದಾಗಲಿ ನಾನು ಹೇಳುತ್ತಿಲ್ಲ. ಬಾಗಿಲು, ಕಿಟಕಿ, ಮೇಜು, ಕುರ್ಚಿಗಳ ಅಳತೆಯ ಕೆಲಸದಲ್ಲಿ ದಪ್ಪ ಅಲಗಿನ ಮಾರ್ಟೀಸ್ ಉಳಿಯೊಂದೇ ಸಾಕು. ಮೊದಲೇ ಕೊರೆದರೆ ಆ ಉಳಿಯನ್ನು ನೇರವಾಗಿ ಹಿಡಿದು ನಡೆಸುವ ಮರವನ್ನೇ ತೆಗೆದುಹಾಕಿದಂತಾಗುತ್ತದೆ. ನನ್ನ ವಾದ ಇಷ್ಟೇ. ಇದನ್ನು ಬರೀ ಅಭಿರುಚಿಯ ಮಾತೆಂದು ತಳ್ಳಿಹಾಕುವವರಿದ್ದಾರೆ. ಅಭಿರುಚಿ ಇದ್ದೇ ಇದೆ. ಆದರೆ ಅದಕ್ಕೆ ಮೊದಲು ಉಕ್ಕಿನ ಆಕಾರವೂ ಮರದ ಎಳೆಯೂ ಹೇಳುವ ಸಾಕ್ಷ್ಯವಿದೆ.

ಉಳಿಯ ಆಕಾರವನ್ನೇ ನೋಡಿ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಿಂದ ಬಂದ, ಮೊಟ್ಟೆಯಾಕಾರದ ಹಿಡಿಯ ಮಾರ್ಟೀಸ್ ಉಳಿಗಳಲ್ಲಿ ಕಾಲಿಂಚು ಅಗಲದ ಅಲಗಿಗೆ ಹೆಚ್ಚುಕಡಿಮೆ ಅರ್ಧ ಇಂಚು ದಪ್ಪವಿರುತ್ತದೆ. ಮಾಮೂಲಿ ಫರ್ಮರ್ ಉಳಿಯಲ್ಲಿ ಅಗಲವೇ ಹೆಚ್ಚು, ದಪ್ಪ ಕಡಿಮೆ. ಇಲ್ಲಿ ಅದು ತಿರುವುಮುರುವು. ಅಲಗಿನ ಪಕ್ಕಗಳು ಪೂರ್ತಿ ಸಮಾನಾಂತರವಾಗಿಯೂ ಇರುವುದಿಲ್ಲ. ಚಪ್ಪಟೆ ಬೆನ್ನಿನ ಕಡೆ ಅಗಲ ಪೂರ್ತಿಯಿದ್ದು, ಎದುರು ಬದಿಗೆ ಬರುತ್ತಾ ಕೂದಲೆಳೆಯಷ್ಟು ಕಿರಿದಾಗುತ್ತದೆ. ಉಳಿ ಆಳಕ್ಕಿಳಿದಾಗ ಎರಡು ಗೋಡೆಗಳ ನಡುವೆ ಕಚ್ಚಿ ನಿಲ್ಲದಿರಲಿ ಎಂದೇ ಈ ಏರ್ಪಾಡು. ಲಂಡನ್ನಿನ ಮುದ್ರಕ ಜೋಸೆಫ್ ಮಾಕ್ಸನ್ 1678ರಿಂದ ಕಂತುಕಂತಾಗಿ ಹೊರತಂದ ‘ಮೆಕ್ಯಾನಿಕ್ ಎಕ್ಸರ್‌ಸೈಸಸ್’ ಪುಸ್ತಕದಲ್ಲಿ ಈ ಉಳಿಯ ವರ್ಣನೆ ಇದೆ. ಕಿರಿದಾದರೂ ಇದರ ಅಲಗು ಉಳಿದ ಉಳಿಗಳಿಗಿಂತ ಬಹಳ ದಪ್ಪ, ಕೊಡತಿಯ ಭಾರಿ ಪೆಟ್ಟು ತಡೆಯಲೆಂದೇ ಹಾಗೆ ಮಾಡಿದ್ದು, ಬೇಕಾದ ತೂತಿನ ಅಗಲಕ್ಕೆ ತಕ್ಕಂತೆ ಬೇರೆ ಬೇರೆ ಅಗಲದ ಉಳಿಗಳನ್ನು ಇಟ್ಟುಕೊಳ್ಳುತ್ತಾರೆ ಎಂಬುದು ಅವನ ಮಾತಿನ ಸಾರ. ಕೊನೆಯ ವಿಷಯ ನನಗೆ ಮುಖ್ಯ. ತೂತಿನ ಅಗಲ ಕೆಲಸಗಾರನ ಕಣ್ಣಿನಲ್ಲೂ ಇಲ್ಲ, ಗೆರೆಯಲ್ಲೂ ಇಲ್ಲ, ಉಳಿಯಲ್ಲೇ ಇದೆ. ಅಡ್ಡಡ್ಡ ಹೊಡೆದ ಪ್ರತಿ ಪೆಟ್ಟೂ ಅದೇ ಅಗಲಕ್ಕೆ ಇಳಿಯುತ್ತದೆ. ಮೊದಲ ಎರಡು ಮೂರು ಪೆಟ್ಟು ನೇರವಾಗಿ ಬಿದ್ದರೆ ಆಮೇಲೆ ಅಲಗಿನ ದಪ್ಪ ಪಕ್ಕಗಳು ತಾವೇ ಕಡಿದ ಗೋಡೆಗಳಿಗೆ ಒತ್ತಿಕೊಂಡು ನಡೆಯುತ್ತವೆ. ಉಳಿಯನ್ನು ತಿರುಚಬೇಕೆಂದರೂ ಮರ ಬಿಡುವುದಿಲ್ಲ. ಕೊರೆದ ತೂತಿನಲ್ಲಿ ಈ ಹಿಡಿತ ಸಿಗದು. ಅಲ್ಲಿ ಉಳಿ ಪೊಳ್ಳಿನೊಳಗೆ ಆಚೀಚೆ ಹೊರಳುತ್ತದೆ, ಅದನ್ನು ನೇರ ಹಿಡಿಯುವ ಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ. ಹೊಸಬರಿಗೆ ಇನ್ನೂ ಬಾರದ ಕೌಶಲವನ್ನೇ ಬೇಡುವ ವಿಧಾನವನ್ನು ಹೊಸಬರಿಗೆ ಸುಲಭವೆಂದು ಹೇಳಿಕೊಡುವುದು ಯಾವ ನ್ಯಾಯ?

ಅಗಲ ಉಳಿಯಲ್ಲಿದೆ ಎಂದು ಒಪ್ಪಿಕೊಂಡರೆ ಕೆಲಸದ ಕ್ರಮವೇ ಬದಲಾಗುತ್ತದೆ. ಗೆರೆ ಎಳೆಯುವ ಗೇಜಿನ ಎರಡು ಮುಳ್ಳುಗಳನ್ನು ಅಳತೆಪಟ್ಟಿಯಿಂದ ಹೊಂದಿಸಬೇಕಿಲ್ಲ, ಉಳಿಯ ಬಾಯಿಯನ್ನೇ ಮುಳ್ಳುಗಳ ನಡುವೆ ಇಟ್ಟು ಬಿಗಿದರೆ ಸಾಕು. ಅದೇ ಗೇಜನ್ನು ಕದಲಿಸದೆ ಟೆನನ್ನಿನ, ಅಂದರೆ ತೂತಿಗೆ ಸೇರುವ ನಾಲಗೆಯ, ಮೇಲೂ ಎಳೆಯಬೇಕು. ಉಳಿಯ ಮೇಲೆ 8 ಮಿ.ಮೀ. ಎಂದು ಕೊರೆದಿದ್ದು ಅದು ನಿಜವಾಗಿ 7.8 ಇದ್ದರೂ ಏನೂ ಕೆಡುವುದಿಲ್ಲ, ನಾಲಗೆಯೂ ಅಷ್ಟೇ ದಪ್ಪಕ್ಕೆ ಬರುತ್ತದೆ. ಹಲಗೆಯ ದಪ್ಪದ ಮೂರನೇ ಒಂದು ಪಾಲು ತೂತು ಎಂಬ ನಿಯಮವನ್ನು ಕೆಲವರು ಶಾಸನದಂತೆ ಪಾಲಿಸಿ, 22 ಮಿ.ಮೀ. ಹಲಗೆಗೆ 7.33 ಎಂದು ಲೆಕ್ಕ ಹಾಕಿ, ಆ ಅಳತೆಯ ಉಳಿಯಿಲ್ಲದೆ ಡ್ರಿಲ್ಲಿಗೆ ಕೈ ಹಾಕುತ್ತಾರೆ. ಆ ಪಾಲು ಒಂದು ಅಂದಾಜು ಮಾತ್ರ. ಹತ್ತಿರದ ಅಳತೆಯ ಉಳಿ ಯಾವುದಿದೆಯೋ ಅದೇ ಸರಿ. ನಿಲ್ಲುವ ಜಾಗವೂ ಇಲ್ಲಿಂದಲೇ ತೀರ್ಮಾನವಾಗುತ್ತದೆ. ಮರದ ಪಕ್ಕದಲ್ಲಿ ನಿಂತವರಿಗೆ ಉಳಿ ತೂತಿನ ಉದ್ದಕ್ಕೆ ವಾಲಿದ್ದು ಕಾಣುತ್ತದೆ, ಅಡ್ಡಕ್ಕೆ ವಾಲಿದ್ದು ಕಾಣುವುದಿಲ್ಲ. ಉದ್ದಕ್ಕೆ ಒಂದಿಷ್ಟು ವಾಲಿದರೆ ನಷ್ಟವಿಲ್ಲ, ಅಡ್ಡಕ್ಕೆ ವಾಲಿದರೆ ಬಾಗಿಲೇ ಸೊಟ್ಟ. ಆದ್ದರಿಂದ ಮರದ ತುದಿಯಲ್ಲಿ ನಿಂತು, ತೂತಿನ ಉದ್ದಕ್ಕೆ ಕಣ್ಣು ಹಾಯಿಸುತ್ತಾ ಹೊಡೆಯಬೇಕು. ಮರವನ್ನು ವೈಸಿನ ದವಡೆಯಲ್ಲಿ ಕಚ್ಚಿಸಿದರೆ ಪ್ರತಿ ಪೆಟ್ಟಿಗೂ ಅದು ಸ್ವಲ್ಪ ಸ್ವಲ್ಪ ಕೆಳಗೆ ಜಾರುತ್ತದೆ. ಕೆಲಸದ ಮೇಜಿನ ಕಾಲಿನ ನೇರಕ್ಕೆ ಮೇಲೆ ಇಟ್ಟು ಬಿಗಿದರೆ ಪೆಟ್ಟಿನ ಬಲವೆಲ್ಲ ಮರಕ್ಕೇ ಇಳಿಯುತ್ತದೆ.

ಸಾಣೆಯ ವಿಷಯದಲ್ಲಿ ನಾನು ಹಟಮಾರಿ. ಉಳಿಯ ಓರೆಮುಖವನ್ನು ಉದ್ದಕ್ಕೆ, ಸುಮಾರು 20 ಡಿಗ್ರಿಗೆ ತೆಳುವಾಗಿ ಇಳಿಸಬೇಕು. ಬಾಯಿಯ ತುದಿಯಲ್ಲಿ ಮಾತ್ರ ಒಂದೆರಡು ಮಿಲಿಮೀಟರಿನಷ್ಟು ಜಾಗವನ್ನು 35 ಡಿಗ್ರಿಯ ಹತ್ತಿರಕ್ಕೆ ಕಡಿದಾಗಿ ಮಸೆಯಬೇಕು. ಉದ್ದದ ಓರೆ ಬೆಣೆಯಾಗಿ ಆಳಕ್ಕೆ ನುಗ್ಗಿಸುತ್ತದೆ, ಕಡಿದಾದ ತುದಿ ಮುಕ್ಕಾಗದೆ ತಡೆಯುತ್ತದೆ. ಇಡೀ ಓರೆಯನ್ನು 35ಕ್ಕೆ ಮಸೆದ ಉಳಿ ಮರದೊಳಗೆ ಇಳಿಯಲಾರದೆ ಪುಟಿಯುತ್ತದೆ. ಇಡೀ ಓರೆಯನ್ನು 20ಕ್ಕೆ ಮಸೆದದ್ದು ಹೊನ್ನೆ, ಮತ್ತಿಯಂಥ ಗಟ್ಟಿ ಮರದಲ್ಲಿ ಬೇಗ ಹಲ್ಲು ಬಿಡುತ್ತದೆ. ಮಾರ್ಟೀಸ್ ಉಳಿಯಿಂದ ಕೆಲಸ ಸಾಗುವುದಿಲ್ಲ ಎಂದು ದೂರುವವರು ಉಳಿಯನ್ನು ದೂರುವ ಮೊದಲು ಈ ಎರಡು ಕೋನಗಳನ್ನು ನೋಡಿಕೊಳ್ಳಲಿ. ಓರೆಮುಖ ಮೇಲೆ ಅಲಗಿಗೆ ಸೇರುವಲ್ಲಿ ಮೊನಚು ಏಣು ಇರಬಾರದು, ದುಂಡಗಿರಬೇಕು. ಚಕ್ಕೆ ಎಬ್ಬಿಸಲು ಉಳಿಯನ್ನು ಬಾಗಿಸಿದಾಗ ಭಾರ ಹೊರುವುದು ಆ ಜಾಗವೇ. ನಡುವಿನಲ್ಲಿ ಮೊದಲ ಪೆಟ್ಟು ಹಾಕಿ, ಓರೆಮುಖವನ್ನು ಪೊಳ್ಳಿನ ಕಡೆಗೆ ಇಟ್ಟುಕೊಂಡು ಮೂರು ನಾಲ್ಕು ಮಿಲಿಮೀಟರಿಗೊಂದು ಪೆಟ್ಟಿನಂತೆ ತುದಿಯತ್ತ ಹಿಂದೆ ಸರಿದರೆ, ಪ್ರತಿ ಪೆಟ್ಟೂ ಹಿಂದಿನದಕ್ಕಿಂತ ಆಳಕ್ಕೆ ಇಳಿಯುತ್ತದೆ. ದಪ್ಪ ಚಕ್ಕೆಗಳು ಒಡೆದು ಪೊಳ್ಳಿಗೆ ಬೀಳುತ್ತವೆ. ಉಳಿ ತಿರುಗಿಸಿ ಇನ್ನೊಂದು ತುದಿಯತ್ತಲೂ ಹೀಗೆಯೇ. ತುದಿಯ ಗೆರೆಯನ್ನು ಕೊನೆಯವರೆಗೂ ಮುಟ್ಟಬಾರದು. ಒಂದೆರಡು ಮಿಲಿಮೀಟರು ಉಳಿಸಿಕೊಂಡಿದ್ದರೆ ಬಾಗಿಸುವಾಗ ನಜ್ಜಾಗುವುದು ಆ ಚೂರು ಮಾತ್ರ. ಕೊನೆಯ ಪೆಟ್ಟಿನಲ್ಲಿ ಅದೂ ಹೋಗಿ ತುದಿ ಸ್ವಚ್ಛವಾಗುತ್ತದೆ.

ಗೋಡೆಗಳನ್ನು ಸವರುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಉಳಿಯಿಂದ ನೇರ ಹೊಡೆದ ತೂತಿನ ಗೋಡೆಗಳು ನುಣುಪಾಗಿರುವುದಿಲ್ಲ, ಸ್ವಲ್ಪ ತರಿತರಿಯಾಗಿರುತ್ತವೆ, ಆದರೆ ಸಮತಟ್ಟಾಗಿರುತ್ತವೆ. ಅದನ್ನು ನೋಡಿ ತಾಳಲಾರದೆ ಅಗಲದ ಉಳಿ ತಂದು ನುಣ್ಣಗೆ ಸವರುತ್ತಾರೆ. ಸವರಿದ ಮೇಲೆ ಅಗಲ ಉಳಿಯದ್ದಲ್ಲ, ಸವರಿದವರ ಕೈಯದ್ದು: ಬಾಯಲ್ಲಿ ಹಿಗ್ಗು, ನಡುವೆ ಉಬ್ಬು. ನಾಲಗೆ ಸಡಿಲವಾಗುತ್ತದೆ. ಆಗ ಗರಗಸದ ಹೊಟ್ಟನ್ನು ಅಂಟಿನಲ್ಲಿ ಕಲಸಿ ಸಂದಿಗೆ ಮೆತ್ತುತ್ತಾರೆ. ಇಂಥ ಬಾಗಿಲುಗಳಿಗೆ ಜನ ಪೂರ್ತಿ ದುಡ್ಡು ಕೊಡುತ್ತಾರೆ, ಎರಡು ಮಳೆಗಾಲ ಕಳೆಯುವುದರೊಳಗೆ ಮೂಲೆ ಜಗ್ಗುತ್ತದೆ. ಮರಗೆಲಸದ ಬಿಳಿ ಅಂಟು ಬಲ ಕೊಡುವುದು ಎರಡು ಮೈ ಒತ್ತಿ ಕೂತಾಗ, ದಪ್ಪ ಸಂದು ತುಂಬುವುದು ಅದರ ಕೆಲಸವಲ್ಲ. ಅದು ಚೆನ್ನಾಗಿ ಹಿಡಿಯುವುದೂ ಮರದ ಎಳೆ ಉದ್ದಕ್ಕೆ ಮಲಗಿರುವ ಮೈಗಳಲ್ಲಿ. ಎಳೆ ಕಡಿದು ಬಾಯಿಬಿಟ್ಟ ಕೊನೆಗಳಲ್ಲಿ ಹಿಡಿತ ತೀರ ಕಡಿಮೆ. ಮಾರ್ಟೀಸಿನ ಎರಡು ಪಕ್ಕದ ಗೋಡೆಗಳು ಮೊದಲ ಬಗೆಯವು, ಎರಡು ತುದಿಗಳು ಎರಡನೆಯ ಬಗೆಯವು. ಅಂದರೆ ಕೀಲಿನ ಬಲವೆಲ್ಲ ಅಗಲದ ನಿಖರತೆಯಲ್ಲಿದೆ, ಉದ್ದದಲ್ಲಿ ಕೂದಲೆಳೆ ಹೆಚ್ಚಾದರೆ ಬಲ ಕುಂದದು. ಉಳಿ ತಾನಾಗಿ ಕೊಡುವುದು ಅಗಲದ ನಿಖರತೆಯನ್ನೇ. ಡ್ರಿಲ್ ಕೊರೆದು ಸವರುವ ವಿಧಾನ ಕೆಡಿಸುವುದೂ ಅದನ್ನೇ.

ಆಕ್ಷೇಪಗಳಿಗೆ ಬರೋಣ. ಡ್ರಿಲ್ಲಿನಿಂದ ಬೇಗ ಆಗುತ್ತದೆ ಎನ್ನುತ್ತಾರೆ. ಮರ ಹೊರಗೆ ಬರುವುದು ಬೇಗ, ನಿಜ. ಆದರೆ ಡ್ರಿಲ್ಲಿನ ಬಿಟ್ಟನ್ನು ಗೆರೆಗಳ ನಡುವೆ ನೇರ ಹೊಂದಿಸುವುದು, ಗುಂಡು ತೂತುಗಳ ನಡುವಿನ ಮುಳ್ಳು ತೆಗೆಯುವುದು, ಮೂಲೆ ಚೌಕ ಮಾಡುವುದು, ಗೋಡೆ ನೇರ ಮಾಡುವುದು ಎಲ್ಲ ಸೇರಿದರೆ ಆ ಲಾಭ ಉಳಿಯುವುದಿಲ್ಲ. ಟೊಳ್ಳು ಚೌಕ ಉಳಿಯೊಳಗೆ ಬಿಟ್ಟು ತಿರುಗುವ ಮಾರ್ಟೀಸ್ ಯಂತ್ರದ ಮಾತು ಬೇರೆ. ನೂರು ಬಾಗಿಲು ಮಾಡುವವರಿಗೆ ಅದೇ ಸರಿ, ಅಲ್ಲೂ ಅಗಲವನ್ನು ಕೊಡುವುದು ಉಳಿಯೇ. ಬ್ರಿಟನ್ನಿನ ಪಾಲ್ ಸೆಲ್ಲರ್ಸ್ ಅವರಂಥ ಅನುಭವಿ ಶಿಕ್ಷಕರು ಪಕ್ಕ ಇಳಿಜಾರಾದ ತೆಳು ಉಳಿಯಿಂದಲೇ ಒಳ್ಳೆಯ ಮಾರ್ಟೀಸ್ ಹೊಡೆದು ತೋರಿಸಿದ್ದಾರೆ, ದಪ್ಪ ಉಳಿ ಯಾಕೆ ಎಂಬ ಪ್ರಶ್ನೆಯೂ ಇದೆ. ಇದು ತೂಕದ ಆಕ್ಷೇಪ. ಮೆದು ಮರದಲ್ಲಿ, ಆಳ ಕಡಿಮೆಯಿರುವಲ್ಲಿ ನಾನೂ ಒಪ್ಪುತ್ತೇನೆ. ಅವರು ಕೂಡ ಡ್ರಿಲ್ಲಿಲ್ಲದೆಯೇ ಹೊಡೆಯುತ್ತಾರೆ ಎಂಬುದನ್ನು ಗಮನಿಸಿ. ಆದರೆ ಎರಡು ಇಂಚು ಆಳಕ್ಕೆ ತೇಗದಲ್ಲೋ ಹಲಸಿನಲ್ಲೋ ಇಳಿಯುವಾಗ ತೆಳು ಅಲಗಿನ ಪಕ್ಕಕ್ಕೆ ಗೋಡೆಯ ಆಸರೆ ಸಾಲದು, ಚಕ್ಕೆ ಎಬ್ಬಿಸುವಾಗ ಅಲಗು ಬಾಗುತ್ತದೆ. ಅವರ ಕೈಗೆ ಬಂದದ್ದು ಎಲ್ಲರ ಕೈಗೂ ಬರುತ್ತದೆ ಎಂದು ಪಾಠ ಹೇಳಲಾಗದು. ಮನೆಯ ತೊಲೆ, ಕಂಬಗಳ ಅಂಗೈಯಗಲದ ತೂತುಗಳಿಗೆ ಮಾತ್ರ ಬೈರಿಗೆಯೇ ಬೇಕು, ಅಷ್ಟು ಅಗಲದ ಮಾರ್ಟೀಸ್ ಉಳಿಯನ್ನು ಯಾವ ಕೊಡತಿಯೂ ಇಳಿಸಲಾರದು. ಅಪಾರ್ಟ್‌ಮೆಂಟಿನಲ್ಲಿ ಕೊಡತಿಯ ಸದ್ದು ಕೆಳಮನೆಯವರಿಗೆ ಹಿಂಸೆ ಎಂಬ ಆಕ್ಷೇಪಕ್ಕೆ ನನ್ನಲ್ಲಿ ಉತ್ತರವಿಲ್ಲ, ಅವರು ಹೇಳುವುದು ಸರಿ.

ಬೈರಿಗೆಗೆ ಈ ಕೀಲಿನಲ್ಲಿ ಅದರದೇ ಆದ ಜಾಗವೂ ಉಂಟು, ಅದು ಗೂಟದ ತೂತು. ಮಾರ್ಟೀಸಿನ ಗೋಡೆಗಳ ಮೂಲಕ ಮೊದಲು ಕೊರೆದು, ನಾಲಗೆ ಸೇರಿಸಿ, ಬಿಟ್ಟಿನ ಮೊನೆಯಿಂದ ನಾಲಗೆಯ ಮೇಲೆ ಗುರುತು ಒತ್ತಿ, ಹೊರತೆಗೆದು, ಗುರುತಿಗಿಂತ ಒಂದರಿಂದ ಒಂದೂವರೆ ಮಿಲಿಮೀಟರಿನಷ್ಟು ನಾಲಗೆಯ ಬುಡದ ಹೆಗಲಿನ ಕಡೆಗೆ ಸರಿಸಿ ಕೊರೆಯಬೇಕು. ಮೊನಚು ಮಾಡಿದ ಬಿದಿರಿನ ಗೂಟವನ್ನು ಬಡಿದಾಗ ಅದು ಬಾಗಿ ಎರಡೂ ತೂತುಗಳನ್ನು ಒಂದೇ ನೇರಕ್ಕೆ ಎಳೆಯುತ್ತದೆ, ನಾಲಗೆಯ ಹೆಗಲು ಚೌಕಟ್ಟಿಗೆ ಬಿಗಿದು ಕೂರುತ್ತದೆ. ಅಂಟೂ ಬೇಡ, ಕ್ಲಾಂಪೂ ಬೇಡ. ಬಿದಿರಿನ ಎಳೆ ತುದಿಯಿಂದ ತುದಿಗೆ ಕಡಿಯದೆ ಓಡುವುದರಿಂದ ಈ ಬಾಗನ್ನು ಅದು ಮುರಿಯದೆ ತಾಳುತ್ತದೆ. ನಮ್ಮ ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಮರ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವಾಗಲೂ ಗೂಟದ ಎಳೆತ ಸಡಿಲವಾಗುವುದಿಲ್ಲ. ಅಂಟಿಲ್ಲದ ಬಿಗಿತ ಹೊಸದೇನಲ್ಲ. ಜರ್ಮನಿಯ ಲೈಪ್‌ಜಿಗ್ ಬಳಿಯ ಆಲ್ಟ್‌ಶೆರ್ಬಿಟ್ಸ್‌ನಲ್ಲಿ ಸಿಕ್ಕ ಬಾವಿಯ ಓಕ್ ಮರದ ಕಟ್ಟಡದಲ್ಲೂ ತೂತು-ನಾಲಗೆಯ ಕೀಲಿದೆ, ಹೊರಬಂದ ನಾಲಗೆಗೆ ಬೆಣೆ ಹೊಡೆದಿದ್ದಾರೆ. ಅದಕ್ಕೆ ಏಳು ಸಾವಿರಕ್ಕೂ ಹೆಚ್ಚು ವರ್ಷ ವಯಸ್ಸು; ಕಟ್ಟಿದವರಿಗೆ ಲೋಹದ ಸಲಕರಣೆಯೇ ಇರಲಿಲ್ಲ. ಅಂಟಿನ ಹಂಗಿಲ್ಲದೆ ನಿಂತ ಕೀಲು ಅದು.

ಉಳಿ ಕೊಳ್ಳುವವರಿಗೆ ಒಂದು ಮಾತು. ಇಡೀ ಪೆಟ್ಟಿಗೆ ಕೊಳ್ಳಬೇಡಿ. ಮುಕ್ಕಾಲು ಇಂಚಿನಿಂದ ಒಂದು ಇಂಚಿನ ಹಲಗೆಗಳ ಕೆಲಸವಾದರೆ 8 ಮಿ.ಮೀ. ಉಳಿಯೊಂದು ಸಾಕು, ಬಾಗಿಲ ಚೌಕಟ್ಟಿಗೆ ಇಳಿಯುವ ದಿನ 12ರದ್ದು ಇನ್ನೊಂದು ತನ್ನಿ. ಅಂಗಡಿಯಲ್ಲಿ ಹೆಸರು ನೋಡಿ ಮೋಸ ಹೋಗಬೇಡಿ. ಮಾರ್ಟೀಸ್ ಉಳಿ ಎಂದು ಬರೆದು ಫರ್ಮರ್ ಉಳಿಯನ್ನೇ ಮಾರುವುದುಂಟು. ಅಲಗನ್ನು ಪಕ್ಕಕ್ಕೆ ತಿರುಗಿಸಿ ನೋಡಿ, ದಪ್ಪ ಅಗಲಕ್ಕಿಂತ ಕಡಿಮೆಯಿದ್ದರೆ ಅಲ್ಲಿಯೇ ಬಿಟ್ಟು ಬನ್ನಿ.